ಅಪ್ಪ ಅಮ್ಮನ ಜೊತೆ ಮಾಯಾ ದೇವಾಲಯಗಳನ್ನು ನೋಡಬೇಕು, ಚಿಚೆನ್ ಇಟ್ಜಾ ಒಂದೇ ಸಾಕಾ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನಿರುವುದು ಹೂಸ್ಟನ್‌ನಲ್ಲಿ, ಊರು ತೀರ್ಥಹಳ್ಳಿ ಹತ್ತಿರ. ಅಪ್ಪ ಅಮ್ಮ ಐದಾರು ತಿಂಗಳು ಇದ್ದು ಹೋಗಲು ಬಂದಿದ್ದಾರೆ. ಡಿಸೆಂಬರ್‌ನಲ್ಲಿ ನನಗೆ ಒಂಬತ್ತು ದಿನ ರಜೆ ಸಿಗುತ್ತದೆ. ಮೆಕ್ಸಿಕೋ, ಗ್ವಾಟೆಮಾಲಾ ಸೀಮೆಯ ಮಾಯಾ ಜನರ ಹಳೆಯ ದೇವಾಲಯಗಳನ್ನು ಇವರಿಗೆ ತೋರಿಸಬೇಕು ಅಂತ ತುಂಬಾ ದಿನದ ಆಸೆ.

ಅಪ್ಪನಿಗೆ 71, ಅಮ್ಮನಿಗೆ 66. ಅಮ್ಮನಿಗೆ ಮಂಡಿ ನೋವು. ಸಮತಟ್ಟಾದ ನೆಲದಲ್ಲಿ ಎರಡು ಗಂಟೆ ನಡೆಯುತ್ತಾರೆ, ಮೆಟ್ಟಿಲು ಮಾತ್ರ ಬೇಡ ಅನ್ನುತ್ತಾರೆ. 34 ವರ್ಷ ಒಂದನೇ ಕ್ಲಾಸಿನ ಮಕ್ಕಳಿಗೆ ಅಕ್ಷರ ಕಲಿಸಿದವರು ಅವರು. ಇಬ್ಬರೂ ಸಸ್ಯಾಹಾರಿಗಳು.

ಎಲ್ಲರೂ ಮೆಕ್ಸಿಕೋದ ಕಾಂಕೂನ್‌ಗೆ ಹೋಗಿ, ಅಲ್ಲಿಂದ ಒಂದು ದಿನ ಚಿಚೆನ್ ಇಟ್ಜಾ ನೋಡಿ ಬನ್ನಿ ಅನ್ನುತ್ತಾರೆ. ಅಷ್ಟೇ ಸಾಕಾ? ಅಥವಾ ಬೇರೆ ಜಾಗ ನೋಡಲೇಬೇಕಾ? ಹೋಗಿ ಬಂದವರು ದಯವಿಟ್ಟು ತಿಳಿಸಿ.

ದಾರಿಹೋಕ

ಕಾಂಕೂನ್‌ನಿಂದ ಒಂದು ದಿನದ ಬಸ್ ಟೂರ್ ಮಾತ್ರ ಬೇಡ. ನಾನು ಹಾಗೆ ಹೋಗಿದ್ದೆ. ಇನ್ನೂರು ಕಿಲೋಮೀಟರ್ ದೂರ. ದಾರಿಯಲ್ಲಿ ಒಂದು ಅಂಗಡಿಯಲ್ಲಿ ನಿಲ್ಲಿಸಿದರು, ಈಜುವ ಕೊಳದಲ್ಲಿ ನಿಲ್ಲಿಸಿದರು, ಊಟಕ್ಕೆ ನಿಲ್ಲಿಸಿದರು. ದೇವಾಲಯದ ಹತ್ತಿರ ಸಿಕ್ಕಿದ್ದು ಬರೀ 70 ನಿಮಿಷ, ಅದೂ ಉರಿಬಿಸಿಲಿನ ಹೊತ್ತಿನಲ್ಲಿ. ನನ್ನ ಮಾವನವರು ಒಂದು ಮರದ ನೆರಳಲ್ಲಿ ಕೂತು ದೂರದಿಂದಲೇ ನೋಡಿ ಎದ್ದುಬಂದರು. ಆ ನೋವು ನನಗೆ ಇನ್ನೂ ಇದೆ.

ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರಿ. ಹಿಂದಿನ ರಾತ್ರಿ ವಯಾದೊಲಿದ್ ಊರಿನಲ್ಲಿ ಉಳಿದರೆ ಬೆಳಿಗ್ಗೆ 45 ಕಿಲೋಮೀಟರ್ ಅಷ್ಟೇ. ಹತ್ತು ಗಂಟೆ ದಾಟಿದರೆ ಬಸ್ಸುಗಳು ಸಾಲಾಗಿ ಬರುತ್ತವೆ.

ಬಯಲುಸೀಮೆ_ಹುಡುಗ

ನಾನಂತೂ ಚಿಚೆನ್ ಇಟ್ಜಾ ಬಿಟ್ಟು ನೇರವಾಗಿ ಗ್ವಾಟೆಮಾಲಾದ ಟಿಕಾಲ್‌ಗೆ ಹೋಗಿ ಅನ್ನುತ್ತೇನೆ. ಎರಡು ಸಲ ಹೋಗಿದ್ದೇನೆ, ಮೂರನೇ ಸಲಕ್ಕೂ ಸಿದ್ಧ.

ಫ್ಲೋರೆಸ್ ಅಂತ ಕೆರೆಯ ಮಧ್ಯದ ಪುಟ್ಟ ಊರು. ಅಲ್ಲಿಂದ ಸುಮಾರು 65 ಕಿಲೋಮೀಟರ್. ದಟ್ಟ ಕಾಡು. ನಾಲ್ಕನೇ ದೇವಾಲಯ ಸುಮಾರು 65 ಮೀಟರ್ ಎತ್ತರ, ಪಕ್ಕದಲ್ಲಿ ಮರದ ಮೆಟ್ಟಿಲು ಹಾಕಿದ್ದಾರೆ. ಬೆಳಕು ಹರಿಯುವ ಮುಂಚೆ ಹತ್ತಿ ಕೂತರೆ ಮೊದಲು ಏನೂ ಕಾಣುವುದಿಲ್ಲ, ಬರೀ ಮಂಜು. ಆಮೇಲೆ ಹೌಲರ್ ಕೋತಿಗಳು ಕೂಗಲು ಶುರು ಮಾಡುತ್ತವೆ. ಹುಲಿ ಘರ್ಜಿಸಿದ ಹಾಗೆ, ಕಾಡಿನ ನಾಲ್ಕೂ ಕಡೆಯಿಂದ. ನಿಧಾನವಾಗಿ ಮಂಜು ಇಳಿದು ಮರಗಳ ತಲೆಯ ಮೇಲೆ ಬೇರೆ ದೇವಾಲಯಗಳ ತುದಿ ಮಾತ್ರ ಕಾಣುತ್ತದೆ. ಅಷ್ಟು ಜನ ಕೂತಿದ್ದೆವು, ಒಬ್ಬರೂ ಮಾತಾಡಲಿಲ್ಲ.

ಇನ್ನೊಂದು ವಿಷಯ. ನಾವು ತಿನ್ನುವ ಸಪೋಟ ಅಥವಾ ಚಿಕ್ಕು ಇದೆಯಲ್ಲ, ಅದರ ತವರು ಅದೇ ಸೀಮೆ. ಟಿಕಾಲ್‌ನ ದೇವಾಲಯಗಳ ಬಾಗಿಲಿನ ಮೇಲೆ ಹಾಕಿದ ತೊಲೆಗಳು ಸಪೋಟ ಮರದವು. ಸಾವಿರದ ಇನ್ನೂರು ವರ್ಷ ಮಳೆ, ಗೆದ್ದಲು ಎಲ್ಲ ತಡೆದುಕೊಂಡಿವೆ. ನಮ್ಮಜ್ಜಿ ಮನೆ ಹಿತ್ತಲಲ್ಲಿ ಸಪೋಟ ಮರ ಇತ್ತು. ಆ ಮರ ಇಷ್ಟು ಗಟ್ಟಿ ಅಂತ ನನಗೆ ಗೊತ್ತೇ ಇರಲಿಲ್ಲ. ನಾಲ್ಕನೇ ದೇವಾಲಯದ ಕೆತ್ತನೆಯ ತೊಲೆಗಳನ್ನು 19ನೇ ಶತಮಾನದಲ್ಲೇ ಬಿಚ್ಚಿಕೊಂಡು ಹೋದರು, ಈಗ ಅವು ಸ್ವಿಟ್ಜರ್ಲೆಂಡಿನ ಬಾಸೆಲ್ ಮ್ಯೂಸಿಯಮ್ಮಿನಲ್ಲಿವೆ. ಅಲ್ಲಿ ನಿಂತಾಗ ಬೇಜಾರಾಗುವುದು ಇದಕ್ಕೇ.

ಮಲ್ಲಿಗೆಮೊಗ್ಗು

ಟಿಕಾಲ್ ಚೆಂದ, ಒಪ್ಪುತ್ತೇನೆ. ಆದರೆ ಮಂಡಿ ನೋವಿರುವ ಅಮ್ಮನನ್ನು ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸಿ ಕತ್ತಲಲ್ಲಿ ಕಾಡಿನ ದಾರಿ ನಡೆಸುವುದು ಬೇಡ ಅಣ್ಣಾ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲೇ ಬೇಕಾದಷ್ಟು ನಡಿಗೆ ಆಗುತ್ತದೆ.

ತುಂಗಾತೀರ ಅವರೇ, ನೀವು ಮೆಕ್ಸಿಕೋ ಒಂದೇ ಇಟ್ಟುಕೊಳ್ಳಿ. ಅಮೆರಿಕದ ಚಾಲ್ತಿ ವೀಸಾ ಇದ್ದರೆ ಭಾರತದ ಪಾಸ್‌ಪೋರ್ಟಿಗೆ ಬೇರೆ ಮೆಕ್ಸಿಕೋ ವೀಸಾ ಬೇಡ. ಅಪ್ಪ ಅಮ್ಮನ ವೀಸಾ ಹಲವು ಸಲ ಪ್ರವೇಶಕ್ಕೆ ಇರುವುದೇ ಅಂತ ನೋಡಿಕೊಳ್ಳಿ, ವಾಪಸ್ ಬರಬೇಕಲ್ಲ. ಟಿಕೆಟ್ ತೆಗೆಯುವ ಮುಂಚೆ ದೂತಾವಾಸದ ಪುಟದಲ್ಲಿ ಒಮ್ಮೆ ಖಚಿತ ಮಾಡಿಕೊಳ್ಳಿ.

ಕಾಂಕೂನ್ ಬದಲು ಮೆರಿದಾ ಊರಿನಲ್ಲಿ ಮನೆ ಮಾಡಿ. ಊರು ಶಾಂತವಾಗಿದೆ, ಸಂಜೆ ಚೌಕದಲ್ಲಿ ವಯಸ್ಸಾದವರೆಲ್ಲ ಬಂದು ಕೂರುತ್ತಾರೆ. ಅಲ್ಲಿಂದ ಚಿಚೆನ್ ಇಟ್ಜಾ ಸುಮಾರು 120 ಕಿಲೋಮೀಟರ್, ಉಶ್ಮಾಲ್ ಸುಮಾರು 80. ಉಶ್ಮಾಲ್ ಮಾತ್ರ ತಪ್ಪಿಸಬೇಡಿ. ಜನ ಕಡಿಮೆ, ಕೆತ್ತನೆ ಜಾಸ್ತಿ.

ಊಟದ ಬಗ್ಗೆ: ಕಪ್ಪು ಅವರೆಯ ಹಾಗಿರುವ ಬೀನ್ಸ್ ಎಲ್ಲ ಕಡೆ ಸಿಗುತ್ತದೆ, ಆದರೆ ಬಹಳ ಕಡೆ ಹಂದಿ ಕೊಬ್ಬು ಹಾಕಿ ಬೇಯಿಸುತ್ತಾರೆ. "ಸಿನ್ ಕಾರ್ನೆ, ಸಿನ್ ಮಾಂತೆಕಾ" ಅಂತ ಹೇಳಿ. ಮಾಂಸ ಬೇಡ, ಕೊಬ್ಬು ಬೇಡ ಅಂತ. ಸಿಕಿಲ್ ಪಾಕ್ ಕೇಳಿ ತಿನ್ನಿ. ಸುಟ್ಟ ಟೊಮೇಟೊ, ಹುರಿದ ಕುಂಬಳಬೀಜ ಸೇರಿಸಿ ಅರೆದದ್ದು. ನಮ್ಮ ಚಟ್ನಿಯೇ ಅಂದುಕೊಳ್ಳಿ. ಮೆಕ್ಕೆಜೋಳದ ಬಿಸಿ ರೊಟ್ಟಿ ತೋರ್ತಿಯಾ ಜೊತೆ ನಮ್ಮತ್ತೆ ಮೂರು ದಿನ ಅದನ್ನೇ ತಿಂದರು. ಆ ತೋರ್ತಿಯಾಕ್ಕೆ ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ನೆನೆಸುತ್ತಾರೆ. ಸಾವಿರಾರು ವರ್ಷದಿಂದ ಹಾಗೇ ಮಾಡುತ್ತಿದ್ದಾರೆ.

ಕಬ್ಬಿನಗದ್ದೆ

ಚಿಚೆನ್ ಇಟ್ಜಾದ ಪಿರಮಿಡ್ ಹತ್ತಲು ಬಿಡುವುದಿಲ್ಲವಂತೆ? ಅಷ್ಟು ದೂರ ಹೋಗಿ ಕೆಳಗೆ ನಿಂತು ನೋಡುವುದಾ? ನನಗೆ ಇದು ಸರಿ ಅನ್ನಿಸುವುದಿಲ್ಲ.

ಹೊಂಗೆನೆರಳು

ನಾನು 1999ರಲ್ಲಿ ಹತ್ತಿದ್ದೆ. ಆಗ ಬಿಡುತ್ತಿದ್ದರು. ಮೆಟ್ಟಿಲು ತುಂಬಾ ಕಡಿದು, ಹಿಡಿದುಕೊಳ್ಳಲು ಮಧ್ಯದಲ್ಲಿ ಹಗ್ಗ ಬಿಟ್ಟಿದ್ದರು. ಮೇಲೆ ಗಾಳಿ, ಸುತ್ತ ಕಾಡು, ಖುಷಿಯೇನೋ ಆಯಿತು. ಇಳಿಯುವಾಗ ನೋಡಿದೆ. ಪ್ರತಿ ಮೆಟ್ಟಿಲಿನ ಅಂಚು ಕಾಲಿನ ಅಳತೆಗೆ ಸವೆದು ನುಣುಪಾಗಿತ್ತು. ಸುಣ್ಣಕಲ್ಲು ಮೆತ್ತಗಿನ ಕಲ್ಲು. ನಮ್ಮಂಥವರು ಲಕ್ಷಾಂತರ ಜನ ಸವೆಸಿದ್ದು ಅದು. ಬಿದ್ದು ಜೀವ ಹೋದದ್ದೂ ಇದೆ. ನಿಲ್ಲಿಸಿದ್ದು ಸರಿಯೇ.

ಕೆಳಗೆ ನಿಂತು ನೋಡಲು ಏನೂ ಕಡಿಮೆ ಇಲ್ಲ ಸ್ವಾಮಿ. ಒಂದೊಂದು ಕಡೆಗೆ 91 ಮೆಟ್ಟಿಲು, ನಾಲ್ಕು ಕಡೆ ಸೇರಿ 364, ಮೇಲಿನ ಕಟ್ಟೆ ಒಂದು. ಒಟ್ಟು 365. ಕಟ್ಟಡವೇ ಪಂಚಾಂಗ. ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಹಗಲು ರಾತ್ರಿ ಸಮನಾಗುವ ದಿನಗಳ ಸಂಜೆ ಉತ್ತರದ ಮೆಟ್ಟಿಲ ಪಕ್ಕದ ಗೋಡೆಯ ಮೇಲೆ ತ್ರಿಕೋನದ ಬೆಳಕು ಸಾಲಾಗಿ ಬಿದ್ದು, ಕೆಳಗಿರುವ ಕಲ್ಲಿನ ಹಾವಿನ ತಲೆಗೆ ಸೇರುತ್ತದೆ. ಗರಿ ಇರುವ ಸರ್ಪ ಕುಕುಲ್ಕಾನ್, ಅವನದೇ ಗುಡಿ ಅದು. ಮೆಟ್ಟಿಲ ಎದುರು ನಿಂತು ಒಂದು ಚಪ್ಪಾಳೆ ತಟ್ಟಿ. ವಾಪಸ್ ಬರುವುದು ಚಪ್ಪಾಳೆಯ ಸದ್ದಲ್ಲ, ಕ್ವೆಟ್ಸಾಲ್ ಹಕ್ಕಿಯ ಚಿಲಿಪಿಲಿಯ ಹಾಗಿರುವ ಸದ್ದು. ಅದಕ್ಕೆ ಹತ್ತುವುದು ಬೇಕಿಲ್ಲ.

ಒಂದು ವಿಷಯ ಎಲ್ಲರೂ ಮರೆಯುತ್ತಾರೆ. ಇದನ್ನೆಲ್ಲ ಕಟ್ಟಿದವರ ಹತ್ತಿರ ಕಬ್ಬಿಣದ ಉಳಿ ಇರಲಿಲ್ಲ. ಎತ್ತು ಇರಲಿಲ್ಲ, ಗಾಡಿ ಇರಲಿಲ್ಲ. ಕಲ್ಲಿನಿಂದಲೇ ಕಲ್ಲು ಕಡಿದು, ಹೊತ್ತು ತಂದು ಕಟ್ಟಿದರು.

ಕಬ್ಬಿನಗದ್ದೆ

ಸರಿ ಸರ್. ಮೆಟ್ಟಿಲು ಸವೆದದ್ದು ನನಗೆ ಹೊಳೆದಿರಲಿಲ್ಲ.

ಜ್ಞಾನದಾಹಿ

ಒಂದು ಪ್ರಶ್ನೆ. ಮಹಾಭಾರತದಲ್ಲಿ ಪಾಂಡವರಿಗೆ ಸಭೆ ಕಟ್ಟಿಕೊಟ್ಟ ಮಯ ಅಮೆರಿಕಕ್ಕೆ ಹೋಗಿ ಇವರಿಗೆಲ್ಲ ಶಿಲ್ಪ ಕಲಿಸಿದ, ಅದಕ್ಕೇ ಮಾಯಾ ಅಂತ ಹೆಸರು ಬಂತು ಅಂತ ಒಂದು ವಿಡಿಯೋ ನೋಡಿದೆ. ಸೂರ್ಯಸಿದ್ಧಾಂತದಲ್ಲೂ ಮಯ ಬರುತ್ತಾನೆ. ಇವರಿಗೂ ಸೊನ್ನೆ ಗೊತ್ತಿತ್ತು. ಸಂಬಂಧ ಇರಬಹುದಲ್ವಾ?

ಶಾಸನಪ್ರಿಯ

ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು, ಈ ಮಾತು ಎಲ್ಲ ಕಡೆ ಓಡಾಡುತ್ತಿದೆ. ಸಂಬಂಧ ಇಲ್ಲ. ಮಾಯಾ ಅನ್ನುವ ಹೆಸರು ಮೆಕ್ಸಿಕೋದ ಯುಕಾತಾನ್ ಕಡೆಯದು, ಚಿಚೆನ್ ಇಟ್ಜಾ ಇರುವ ಸೀಮೆ, ಅಲ್ಲಿ ಮಾಯಾಪಾನ್ ಅಂತ ನಗರವೇ ಇತ್ತು. ಆ ಸೀಮೆಯ ಹೆಸರನ್ನು ಹೊರಗಿನವರು ಆಮೇಲೆ ಎಲ್ಲರಿಗೂ ಹಾಕಿದರು. ಟಿಕಾಲ್, ಪಲೆಂಕೆ, ಕೋಪಾನ್‌ಗಳ ರಾಜರು ತಮ್ಮ ತಮ್ಮ ನಗರದ ಹೆಸರು ಹೇಳಿಕೊಳ್ಳುತ್ತಿದ್ದರು. ಸೊನ್ನೆ ಇತ್ತು, ನಿಜ. 4ನೇ ಶತಮಾನದ ಕಲ್ಲುಗಳಲ್ಲೇ ಇದೆ. ಆದರೆ ನಮ್ಮ ಲೆಕ್ಕ ಹತ್ತರ ಗುಂಪಿನಲ್ಲಿ ನಡೆದರೆ ಅವರದು ಇಪ್ಪತ್ತರ ಗುಂಪಿನಲ್ಲಿ ನಡೆಯುತ್ತದೆ. ಚುಕ್ಕೆ ಅಂದರೆ ಒಂದು, ಅಡ್ಡಗೆರೆ ಅಂದರೆ ಐದು, ಚಿಪ್ಪಿನ ಚಿತ್ರ ಸೊನ್ನೆ. ಅದು ಅವರದೇ ಸ್ವಂತ ಬುದ್ಧಿ. ನಮ್ಮ ಹೆಸರು ಸೇರಿಸಿ ಅವರ ಕೀರ್ತಿ ಕಿತ್ತುಕೊಳ್ಳುವುದು ನ್ಯಾಯ ಅಲ್ಲ ಅಲ್ವಾ?

ತುಂಗಾತೀರ ಅವರೇ, ನಿಮ್ಮ ತಾಯಿ ಅಕ್ಷರ ಕಲಿಸಿದ ಟೀಚರ್ ಅಂದಿರಿ. ಹಾಗಾದರೆ ನನಗೆ ಒಂದೇ ಊರು ನೆನಪಾಗುತ್ತದೆ, ಮೆಕ್ಸಿಕೋದಲ್ಲೇ ಇರುವ ಪಲೆಂಕೆ. ಯಾಕೆ ಅಂತ ಸ್ವಲ್ಪ ಉದ್ದವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮಾಯಾ ಜನ ಬರೆಯುತ್ತಿದ್ದರು. ಮರದ ತೊಗಟೆಯ ಪುಸ್ತಕಗಳು ಇದ್ದವು. 1562ರ ಜುಲೈಯಲ್ಲಿ ಮಾನಿ ಅನ್ನುವ ಊರಿನಲ್ಲಿ ಡಿಯೇಗೋ ದೆ ಲಾಂದಾ ಎಂಬ ಸ್ಪ್ಯಾನಿಶ್ ಪಾದ್ರಿ ಅವನ್ನು ಸುಡಿಸಿದ. ಇವತ್ತು ಜಗತ್ತಿನಲ್ಲಿ ಉಳಿದಿರುವುದು ನಾಲ್ಕೇ ಪುಸ್ತಕ. ಅದೇ ಲಾಂದಾ ಮುಂದೆ ಒಂದು ಬರಹದಲ್ಲಿ ಇವರ ಅಕ್ಷರಮಾಲೆ ಅಂತ ಒಂದು ಪಟ್ಟಿ ಬರೆದಿಟ್ಟ. ಅವನು ಸ್ಪ್ಯಾನಿಶ್ ಅಕ್ಷರಗಳ ಹೆಸರು ಹೇಳುತ್ತಾ ಹೋಗಿದ್ದಾನೆ, ಮಾಯಾ ಲಿಪಿಕಾರ ಕೇಳಿಸಿದ ಉಲಿಗೆ ತಕ್ಕ ಚಿಹ್ನೆ ಬರೆದುಕೊಟ್ಟಿದ್ದಾನೆ. 'ಬಿ' ಅಕ್ಷರಕ್ಕೆ ಸ್ಪ್ಯಾನಿಶ್‌ನಲ್ಲಿ 'ಬೆ' ಅನ್ನುತ್ತಾರೆ. ಅವನು 'ಬೆ' ಬರೆದ. ಅದು ಎಬಿಸಿಡಿ ಅಲ್ಲ, ಕಾಗುಣಿತ!

ಸುಮಾರು ನಾನೂರು ವರ್ಷ ಯಾರಿಗೂ ಇದು ಸರಿಯಾಗಿ ಅರ್ಥವಾಗಲಿಲ್ಲ. 1952ರಲ್ಲಿ ಸೋವಿಯತ್ ರಷ್ಯಾದ ಯೂರಿ ಕ್ನೋರೊಝೋವ್ ಇವು ವ್ಯಂಜನ ಮತ್ತು ಸ್ವರ ಕೂಡಿದ ಉಲಿಗಳು ಅಂತ ತೋರಿಸಿಕೊಟ್ಟರು. 1990ರವರೆಗೆ ಅವರು ಆ ನಾಡನ್ನು ಕಣ್ಣಾರೆ ನೋಡಿರಲಿಲ್ಲ. ಪುಸ್ತಕ ಮುಂದಿಟ್ಟುಕೊಂಡೇ ಬಿಡಿಸಿದ್ದು. ಇಡೀ ಪದಕ್ಕೆ ಒಂದೇ ಚಿತ್ರ ಇರುವುದೂ ಉಂಟು, ಉಲಿಗಳನ್ನು ಜೋಡಿಸುವುದೂ ಉಂಟು. ಜಾಗ್ವಾರ್‌ಗೆ ಅವರ ಪದ ಬಲಮ್. ಬರೆಯುವುದು ಬ, ಲ, ಮ. ಕೊನೆಯ ಸ್ವರ ಓದುವುದಿಲ್ಲ. ನಾವು ಒತ್ತಿ ಹೇಳಿದರೆ ಒಂದನೇ ಕ್ಲಾಸಿನ ಮಗುವಿಗೂ ಅರ್ಥವಾಗುವ ವಿಷಯ.

ಈಗ ಪಲೆಂಕೆಗೆ ಬರೋಣ. ಅಲ್ಲಿನ ದೊಡ್ಡ ರಾಜ ಕಿನಿಚ್ ಜನಾಬ್ ಪಕಲ್. 615ರಲ್ಲಿ 12 ವರ್ಷದ ಹುಡುಗನಾಗಿದ್ದಾಗ ಪಟ್ಟಕ್ಕೆ ಬಂದ. ತಾಯಿ ಸಕ್ ಕುಕ್ ಅವನಿಗೆ ಕಿರೀಟ ಕೊಡುತ್ತಿರುವ ಕಲ್ಲು ಅರಮನೆಯ ಗೋಡೆಯಲ್ಲಿದೆ. 68 ವರ್ಷ ಆಳಿ 683ರಲ್ಲಿ ತೀರಿಕೊಂಡ. ಅವನ ಗುಡಿಯ ಹೆಸರೇ ಶಾಸನಗಳ ಗುಡಿ, 600ಕ್ಕೂ ಹೆಚ್ಚು ಚಿತ್ರಾಕ್ಷರ ಇವೆ. 1948ರಲ್ಲಿ ಆಲ್ಬೆರ್ತೋ ರೂಸ್ ಎಂಬ ಪುರಾತತ್ವಜ್ಞರು ಗುಡಿಯ ನೆಲದ ಒಂದು ಚಪ್ಪಡಿಯಲ್ಲಿ ತೂತುಗಳಿರುವುದನ್ನು ಗಮನಿಸಿದರು. ಎತ್ತಿ ನೋಡಿದರೆ ಕೆಳಗೆ ಮಣ್ಣು ಕಲ್ಲು ತುಂಬಿದ ಮೆಟ್ಟಿಲು. ಅದನ್ನು ತೆಗೆಯಲು ನಾಲ್ಕು ವರ್ಷ ಹಿಡಿಯಿತು. 1952ರಲ್ಲಿ ತಳದಲ್ಲಿ ಪಕಲ್‌ನ ಸಮಾಧಿ ಸಿಕ್ಕಿತು, ಮುಖದ ಮೇಲೆ ಜೇಡ್ ಕಲ್ಲಿನ ಮುಖವಾಡ. ಸಮಾಧಿಯಿಂದ ಮೇಲಿನ ಗುಡಿಯವರೆಗೆ ಮೆಟ್ಟಿಲ ಪಕ್ಕದಲ್ಲೇ ಒಂದು ಸಣ್ಣ ಕಲ್ಲಿನ ಕೊಳವೆ ಬಿಟ್ಟಿದ್ದಾರೆ. ಹೋದವರ ಜೊತೆ ಇರುವವರ ನಂಟು ಕಡಿಯಬಾರದು ಅಂತ ಇರಬೇಕು. ಆ ಕೊಳವೆ ನೆನೆದರೆ ನನಗೆ ಗಂಟಲು ಕಟ್ಟುತ್ತದೆ.

ಪಕಲ್‌ನ ಶವಪೆಟ್ಟಿಗೆಯ ಕಲ್ಲಿನ ಮುಚ್ಚಳದ ಮೇಲಿನ ಚಿತ್ರವನ್ನು ರಾಕೆಟ್ ಓಡಿಸುವ ಮನುಷ್ಯ ಅಂತಲೂ ವಿಡಿಯೋ ಮಾಡಿದ್ದಾರೆ. ಅದು ಜಗದ ವೃಕ್ಷ, ಅದರ ಬುಡದಲ್ಲಿ ಪಕಲ್.

ಪಕಲ್ ಅಂದರೆ ಗುರಾಣಿ. ಒಮ್ಮೊಮ್ಮೆ ಗುರಾಣಿಯ ಚಿತ್ರ ಬರೆಯುತ್ತಾರೆ, ಒಮ್ಮೊಮ್ಮೆ ಪ, ಕ, ಲ ಅಂತ ಮೂರು ಉಲಿ. ತಾಯಿಯವರಿಗೆ ಹೋಗುವ ಮುಂಚೆ ಆ ಮೂರು ಚಿಹ್ನೆ ಕಲಿಸಿಬಿಡಿ. ಅಷ್ಟೇ ಸಾಕು.

ಬಯಲುಸೀಮೆ_ಹುಡುಗ

ಶಾಸನಪ್ರಿಯ ಅವರೇ, ನಾನು ಟಿಕಾಲ್‌ನಲ್ಲಿ ಎರಡು ಸಲ ಆ ಅಕ್ಷರಗಳ ಮುಂದೆ ನಿಂತು ಚಿತ್ರ ಅಂತ ನೋಡಿ ಬಂದೆ. ಓದಬಹುದು ಅಂತ ಅಂದುಕೊಂಡಿರಲಿಲ್ಲ. ಮೂರನೇ ಸಲ ಹೋಗಲು ಕಾರಣ ಸಿಕ್ಕಿತು.

ಮಲ್ಲಿಗೆಮೊಗ್ಗು

ಮೆರಿದಾದಿಂದ ಪಲೆಂಕೆಗೆ ಕಾರಿನಲ್ಲಿ ಏಳೆಂಟು ಗಂಟೆ. 2023ರ ಡಿಸೆಂಬರ್‌ನಲ್ಲಿ ತ್ರೇನ್ ಮಾಯಾ ಅನ್ನುವ ರೈಲು ಶುರುವಾಗಿದೆ, ಅದೂ ಹೋಗುತ್ತದೆ. ವಯಸ್ಸಾದವರಿಗೆ ರೈಲೇ ವಾಸಿ. ಈ ರೈಲಿಗಾಗಿ ಕಾಡು ಕಡಿದದ್ದು, ನೆಲದೊಳಗಿನ ನೀರಿನ ಗುಹೆಗಳ ಮೇಲೆ ಕಂಬ ಇಳಿಸಿದ್ದು ಅಲ್ಲಿನ ಜನಕ್ಕೆ ದೊಡ್ಡ ನೋವು. ಗೊತ್ತಿದ್ದು ಹೋಗಿ.

ಹೊಂಗೆನೆರಳು

ಉಶ್ಮಾಲ್‌ನಲ್ಲಿ ಗಮನಿಸಬೇಕಾದದ್ದು ನೀರು. ಯುಕಾತಾನ್‌ನಲ್ಲಿ ಮೇಲೆ ಹರಿಯುವ ಹೊಳೆಯೇ ಇಲ್ಲ ಅನ್ನಬೇಕು. ನೀರೆಲ್ಲ ನೆಲದಡಿ, ಸುಣ್ಣಕಲ್ಲು ಕುಸಿದ ಕಡೆ ಬಾವಿಯ ಹಾಗೆ ಕಾಣುತ್ತದೆ. ಅದಕ್ಕೆ ಸೆನೋಟೆ ಅನ್ನುತ್ತಾರೆ. ಚಿಚೆನ್ ಇಟ್ಜಾದಲ್ಲಿ ಇದೆ. ಉಶ್ಮಾಲ್ ಕಡೆ ಅದೂ ಇಲ್ಲ. ಅವರು ನೆಲದಲ್ಲಿ ಸೀಸೆಯ ಆಕಾರದ ಗುಂಡಿ ತೋಡಿ, ಒಳಗೆ ಗಾರೆ ಮೆತ್ತಿ ಮಳೆನೀರು ಹಿಡಿದಿಟ್ಟರು. ಚುಲ್ತುನ್ ಅಂತ ಹೆಸರು. ಈಗ ಗೋಡೆ ನೋಡಿ. ಉದ್ದ ಮೂಗಿನ ಮಳೆದೇವರು ಚಾಕ್, ಮೂಲೆ ಮೂಲೆಯಲ್ಲೂ ಅವನ ಮುಖ. ಮಳೆ ಬರದಿದ್ದರೆ ಬದುಕಿಲ್ಲ ಅನ್ನುವವರು ಮಾತ್ರ ಹಾಗೆ ಕೆತ್ತಲು ಸಾಧ್ಯ.

9ನೇ ಶತಮಾನದಲ್ಲಿ ದಕ್ಷಿಣದ ನಗರಗಳು ಒಂದೊಂದಾಗಿ ಖಾಲಿಯಾದವು. ಟಿಕಾಲ್‌ನಲ್ಲಿ ಇಸವಿ ಕೆತ್ತಿದ ಕೊನೆಯ ಕಲ್ಲು 869ರದು. ಬರಗಾಲದ ಮೇಲೆ ಬರಗಾಲ, ರಾಜರ ನಡುವೆ ಯುದ್ಧ, ಗಾರೆಗೆ ಸುಣ್ಣ ಸುಡಲು ಕಡಿದ ಕಾಡು. ಎಲ್ಲ ಸೇರಿತು. ಆದರೆ ಜನ ಮಾಯವಾಗಲಿಲ್ಲ. ಇವತ್ತಿಗೂ ಲಕ್ಷಾಂತರ ಜನ ಸುಮಾರು ಮೂವತ್ತು ಮಾಯಾ ಭಾಷೆಗಳನ್ನು ಮಾತಾಡುತ್ತಾರೆ. 1992ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ರಿಗೋಬೆರ್ತಾ ಮೆಂಚು ಅವರಲ್ಲೊಬ್ಬರು. ಯಾರಾದರೂ "ಕಣ್ಮರೆಯಾದ ಜನಾಂಗ" ಅಂದರೆ ದಯವಿಟ್ಟು ತಿದ್ದಿ.

ತುಂಗಾತೀರ

ಇಷ್ಟೆಲ್ಲ ಬರೆದಿದ್ದಕ್ಕೆ ಹೇಗೆ ಧನ್ಯವಾದ ಹೇಳಲಿ. ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ಮೆರಿದಾ ನಾಲ್ಕು ರಾತ್ರಿ, ಪಲೆಂಕೆ ಮೂರು ರಾತ್ರಿ ಅಂತ ನಿರ್ಧಾರವಾಯಿತು. ಅಮ್ಮ ನೋಟ್‌ಬುಕ್‌ನಲ್ಲಿ ಆಗಲೇ ಪ, ಕ, ಲ ಚಿಹ್ನೆ ಅಭ್ಯಾಸ ಮಾಡುತ್ತಿದ್ದಾರೆ. ಬಂದ ಮೇಲೆ ಬರೆಯುತ್ತೇನೆ.

ತುಂಗಾತೀರ

ಬಂದೆವು. ಎಲ್ಲರೂ ಚೆನ್ನಾಗಿದ್ದಾರೆ.

ಚಿಚೆನ್ ಇಟ್ಜಾದಲ್ಲಿ ಬೆಳಿಗ್ಗೆ ಎಂಟಕ್ಕೆ ನಾವು ಸೇರಿ ಇಪ್ಪತ್ತು ಜನ ಇದ್ದೆವು. ಅಪ್ಪ ಚಪ್ಪಾಳೆ ತಟ್ಟಿದರು, ಹಕ್ಕಿ ಕೂಗಿತು. ಆಮೇಲೆ ಹತ್ತು ಸಲ ತಟ್ಟಿದರು. ಚೆಂಡಾಟದ ಅಂಗಳ 168 ಮೀಟರ್ ಉದ್ದ. ಅಲ್ಲಿ ರಬ್ಬರ್ ಚೆಂಡನ್ನು ಸೊಂಟದಿಂದ ಹೊಡೆದು ಆಡುತ್ತಿದ್ದರಂತೆ. ಅಷ್ಟು ದೊಡ್ಡದು ಅಂತ ಫೋಟೋದಲ್ಲಿ ಗೊತ್ತಾಗುವುದೇ ಇಲ್ಲ. ಹತ್ತೂವರೆಗೆ ಹೊರಟೆವು, ಆಗ ಬಸ್ಸುಗಳು ಬರುತ್ತಿದ್ದವು. ಒಂದು ಸೂಚನೆ: ಅಲ್ಲಿ ಟಿಕೆಟ್ ಎರಡು, ಒಂದು ಕೇಂದ್ರ ಸರ್ಕಾರದ್ದು, ಒಂದು ರಾಜ್ಯದ್ದು. ಎರಡೂ ತೆಗೆದುಕೊಳ್ಳಬೇಕು.

ಉಶ್ಮಾಲ್ ಅಪ್ಪನಿಗೆ ಎಲ್ಲಕ್ಕಿಂತ ಇಷ್ಟವಾಯಿತು. ಚುಲ್ತುನ್ ಬಾಯಿಯ ಹತ್ತಿರ ಕೂತು, ನಮ್ಮೂರಲ್ಲಿ ಇಷ್ಟು ಮಳೆ ಬಂದರೂ ಏಪ್ರಿಲ್‌ನಲ್ಲಿ ಬಾವಿ ಒಣಗುತ್ತದೆ ಅಂದರು. ಮತ್ತೆ ತುಂಬಾ ಹೊತ್ತು ಏನೂ ಮಾತಾಡಲಿಲ್ಲ.

ಪಲೆಂಕೆ ಬಗ್ಗೆ ಬರೆಯಲು ಎರಡು ದಿನ ತಡ ಮಾಡಿದೆ. ಬೆಳಿಗ್ಗೆ ಸಣ್ಣ ಜಿಟಿಜಿಟಿ ಮಳೆ. ಬೆಟ್ಟ, ಹಸಿರು, ಕಲ್ಲಿನ ಮೇಲೆ ಪಾಚಿ. ಆಗುಂಬೆ ಹಾಗೇ ಇದೆ ಅಂದರು ಅಮ್ಮ. ಗೈಡ್ ಆಗಿ ಬಂದವರು ಚೊಲ್ ಭಾಷೆಯ ಹುಡುಗ. ಮಾಯಾ ಭಾಷೆಗಳಲ್ಲಿ ಅದೂ ಒಂದು. ಆ ಊರಿನ ಹಳೆಯ ಹೆಸರು ಲಕಮ್ ಹಾ, ದೊಡ್ಡ ನೀರು ಅಂತ. ಅರಮನೆಯ ಪಕ್ಕದ ತೊರೆಯನ್ನು ಕಲ್ಲಿನ ಕಮಾನಿನ ಕಾಲುವೆಯಲ್ಲಿ ಹರಿಸಿದ್ದಾರೆ. ಈಗ ನಿಮ್ಮ ಭಾಷೆಯಲ್ಲಿ ನೀರಿಗೆ ಏನನ್ನುತ್ತೀರಿ ಅಂತ ಅಮ್ಮ ನನ್ನ ಮೂಲಕ ಕೇಳಿದರು. "ಹಾ" ಅಂದ. ಕಲ್ಲಿನಲ್ಲಿ ಬರೆದದ್ದೇ. ಮೆಕ್ಕೆಜೋಳಕ್ಕೆ "ಇಶಿಮ್". ಅಮ್ಮ ಎರಡನ್ನೂ ಬರೆದುಕೊಂಡರು.

ಗುಡಿಯೊಳಗಿನ ಸಮಾಧಿಗೆ ಬಿಡುವುದಿಲ್ಲ. ಅಲ್ಲೇ ಇರುವ ಮ್ಯೂಸಿಯಮ್ಮಿನಲ್ಲಿ ಅದರ ಅಚ್ಚು ಪ್ರತಿ ಇಟ್ಟಿದ್ದಾರೆ. ಅಮ್ಮ ನೋಟ್‌ಬುಕ್ ಹಿಡಿದು ಅಕ್ಷರಗಳ ಸಾಲುಗಳನ್ನು ನೋಡುತ್ತಾ ಹೋದರು. ನಾನು ಬೇರೆ ಕಡೆ ಇದ್ದೆ. ಸ್ವಲ್ಪ ಹೊತ್ತಿಗೆ "ಇಲ್ಲಿ ಬಾರೋ" ಅಂತ ಕರೆದರು. ಗಾಜಿನ ಮೇಲೆ ಬೆರಳಿಟ್ಟು ಕ್ಲಾಸಿನಲ್ಲಿ ಓದಿಸುತ್ತಿದ್ದ ಹಾಗೇ, "ಪ. ಕ. ಲ." ಅಂದರು. ಗೈಡ್ ಹುಡುಗ ಹತ್ತಿರ ಬಂದು ನೋಡಿ, ಹೌದು ಅಂತ ತಲೆ ಆಡಿಸಿದ. ಅಮ್ಮನ ಕಣ್ಣಲ್ಲಿ ನೀರಿತ್ತು.

ಶಾಸನಪ್ರಿಯ

ಇದನ್ನು ಮೂರು ಸಲ ಓದಿದೆ. ತಾಯಿಯವರಿಗೆ ನನ್ನ ನಮಸ್ಕಾರ ಹೇಳಿ.

ತುಂಗಾತೀರ

ಹೇಳಿದೆ ಸರ್. ಅವರದೊಂದು ಪ್ರಶ್ನೆ ಇದೆ: ಇನ್ನೂ ಜಾಸ್ತಿ ಅಕ್ಷರ ಇರುವ ಜಾಗ ಯಾವುದು?

ಶಾಸನಪ್ರಿಯ

ಹೊಂಡುರಾಸ್‌ನ ಕೋಪಾನ್. 63 ಮೆಟ್ಟಿಲುಗಳ ಒಂದು ಸಾಲು, ಮೆಟ್ಟಿಲಿನ ತುಂಬಾ ಅಕ್ಷರ, ಸುಮಾರು 2200. ಮಾಯಾ ಬರಹದಲ್ಲಿ ಅಷ್ಟು ಉದ್ದದ್ದು ಇನ್ನೊಂದಿಲ್ಲ. ಆ ಮೆಟ್ಟಿಲು ಹತ್ತಲು ಬಿಡುವುದಿಲ್ಲ, ಕೆಳಗೆ ನಿಂತೇ ಓದಬೇಕು. ಊರಿನಿಂದ ಒಂದು ಕಿಲೋಮೀಟರ್ ಸಮತಟ್ಟು ದಾರಿ. ಮಂಡಿಗೆ ತೊಂದರೆ ಆಗುವುದಿಲ್ಲ.

ಬಯಲುಸೀಮೆ_ಹುಡುಗ

ಏಪ್ರಿಲ್ ಒಳಗೆ ಹೋಗಿ, ಮೇ ತಿಂಗಳಿಂದ ಮಳೆ. ಕೋಪಾನ್ ಬಾಗಿಲಲ್ಲೇ ಕೆಂಪು ಮಕಾವ್ ಗಿಳಿಗಳು ಕೂತಿರುತ್ತವೆ. ಅಪ್ಪನವರು ಅಲ್ಲೂ ಚಪ್ಪಾಳೆ ತಟ್ಟಲಿ.